ಮನೆಯೊಳಗಿನ ಪೆಟ್ಟು: ರೋಗಿ ಹೇಳಲಿ, ವೈದ್ಯರು ಕೇಳಲಿ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತಹೀನತೆ, ಮಕ್ಕಳ ಹೊಟ್ಟೆಹುಳು, ರಮಝಾನ್ ತಿಂಗಳ ಆಹಾರ ಮುಂತಾದ ವಿಷಯಗಳನ್ನು ಓದುತ್ತೇವೆ. ಈ ಸಲ ನಾನು ಬರೆಯುತ್ತಿರುವ ಕಾಯಿಲೆಗೆ ಔಷಧದ ಅಂಗಡಿಯಲ್ಲಿ ಮದ್ದಿಲ್ಲ. ಆದರೆ ನನ್ನ ದವಾಖಾನೆಗೆ ಅದು ವಾರಕ್ಕೊಮ್ಮೆಯಾದರೂ ಬರುತ್ತದೆ, ಬೇರೆ ಯಾವುದಾದರೂ ಕಾಯಿಲೆಯ ಹೆಸರಿನಲ್ಲಿ. ಮನೆಯೊಳಗೆ ಹೆಂಗಸಿನ ಮೇಲೆ ನಡೆಯುವ ಹಿಂಸೆಯೇ ಆ ವಿಷಯ. ಇದನ್ನು ಮನೆಯವರೆಲ್ಲ ಕುಳಿತು ಓದಿ ಎಂದು ಕೇಳಿಕೊಳ್ಳುತ್ತೇನೆ. ಗಂಡಸರು ಮೊದಲು ಓದಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಒಬ್ಬ ತರುಣಿ ಎದೆಬಡಿತ ಮತ್ತು ನಿದ್ರಾಹೀನತೆ ಎಂದು ನನ್ನ ಬಳಿ ಆರು ತಿಂಗಳು ಬಂದಳು. ಪ್ರತಿ ಸಲವೂ ಅತ್ತೆ ಜೊತೆಗಿರುತ್ತಿದ್ದರು. ನಾನು ಕೇಳಿದ ಪ್ರಶ್ನೆಗೆ ಅತ್ತೆಯೇ ಉತ್ತರಿಸುತ್ತಿದ್ದರು. ನಾನು ನಬ್ಝ್ ಹಿಡಿದು ನೋಡಿದೆ, ಖಫಕಾನ್ ಎಂದು ಬರೆದೆ, ಖಮೀರಾ ಗಾವ್‌ಝಬಾನ್ ಕೊಟ್ಟೆ, ರಾತ್ರಿ ಚಹಾ ಬಿಡಲು ಹೇಳಿದೆ. ಸ್ವಲ್ಪ ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಒಂದು ದಿನ ಅತ್ತೆ ಯಾವುದೋ ನಿಕಾಹ್‌ಗೆ ಹೋಗಿದ್ದರು. ಈಕೆ ಮಗುವಿಗೆ ಜ್ವರ ಎಂದು ಒಬ್ಬಳೇ ಬಂದಳು. ಮಗುವಿನ ತೂಕ ನೋಡುತ್ತಿದ್ದ ನನ್ನ ಸಹಾಯಕಿಗೆ ಅವಳ ಮುಂಗೈ ಮೇಲಿನ ಕಲೆ ಕಂಡಿತು. "ಏನಾಯ್ತಮ್ಮಾ?" ಎಂದಾಗ "ಬಾಗಿಲು ತಾಗಿತು" ಎಂದಳು. ಸಹಾಯಕಿ ಸುಮ್ಮನೆ ಮಗುವಿಗೆ ಅಂಗಿ ತೊಡಿಸುತ್ತಾ, "ಬಾಗಿಲು ಎಷ್ಟು ದಿನದಿಂದ ತಾಗ್ತಾ ಇದೆ?" ಎಂದು ಕೇಳಿದಳು. ಆಗ ಅಳು ಒಡೆಯಿತು. ನಾಲ್ಕು ವರ್ಷದಿಂದ. ಗರ್ಭಿಣಿಯಾಗಿದ್ದಾಗಲೂ.

ನನಗೆ ಇಂದಿಗೂ ಮನಸ್ಸಿಗೆ ಚುಚ್ಚುವುದು ಆಕೆ ಹೊರಡುವಾಗ ಹೇಳಿದ ಮಾತು: "ನೀವು ಯಾವತ್ತೂ ಕೇಳಲಿಲ್ಲ, ಡಾಕ್ಟರ್ ಸಾಬ್."

ಅದು ನಿಜವಾಗಿತ್ತು. ಊಟ ಕೇಳಿದ್ದೆ, ನಿದ್ರೆ ಕೇಳಿದ್ದೆ, ಮಲಬದ್ಧತೆ ಕೇಳಿದ್ದೆ. ನಿದ್ರೆ ಯಾಕೆ ಬರುವುದಿಲ್ಲ ಎಂದು ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿರಲಿಲ್ಲ.

ಇದು ಆರೋಗ್ಯದ ವಿಷಯ ಹೇಗೆ?

"ಇದು ಗಂಡ ಹೆಂಡತಿಯ ಜಗಳ, ವೈದ್ಯರಿಗೇನು ಕೆಲಸ?" ಎಂದು ಕೆಲವರು ಕೇಳಬಹುದು. ಯುನಾನಿ ವೈದ್ಯ ಪದ್ಧತಿಯನ್ನು ಕಲಿತವನಿಗೆ ಇದರ ಉತ್ತರ ಮೊದಲ ವರ್ಷದ ಪಾಠದಲ್ಲೇ ಇದೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ನಾವು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ: ಗಾಳಿ, ಅನ್ನ ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಿಂದ ಹೊರಹೋಗುವುದು ಮತ್ತು ಒಳಗೆ ಉಳಿಯುವುದು. ಸಂಜೆ ಗಂಡನ ಬೈಕಿನ ಸದ್ದು ಕೇಳಿದರೆ ನಡುಗುವ ಹೆಂಗಸಿಗೆ ಇವುಗಳಲ್ಲಿ ಎಷ್ಟು ಸರಿಯಾಗಿರಲು ಸಾಧ್ಯ? ಹಸಿವು ಕೆಡುತ್ತದೆ, ನಿದ್ರೆ ಕೆಡುತ್ತದೆ, ಮನಸ್ಸಿಗೆ ವಿಶ್ರಾಂತಿಯೇ ಇರುವುದಿಲ್ಲ. ಕಾರಣವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಡುವುದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ.

ಆಧುನಿಕ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಹಿಂಸೆ ಅನುಭವಿಸುವ ಮಹಿಳೆಯರಲ್ಲಿ ಮುರಿದ ಮೂಳೆ, ಹರಿದ ತುಟಿ ಮಾತ್ರ ಕಾಣುವುದಿಲ್ಲ. ಹೆಚ್ಚಾಗಿ ಕಾಣುವುದು ಇವು:

* ಪರೀಕ್ಷೆಗಳಲ್ಲಿ ಏನೂ ಸಿಗದ ತಲೆನೋವು, ಬೆನ್ನುನೋವು, ಹೊಟ್ಟೆನೋವು
* ಎದೆಬಡಿತ, ಕೈಕಾಲು ನಡುಕ, ನಿದ್ರೆ ಬಾರದಿರುವುದು
* ಕಿಬ್ಬೊಟ್ಟೆಯ ನೋವು, ಪದೇ ಪದೇ ಬಿಳಿಸೆರಗು ಮತ್ತು ಸೋಂಕು
* ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು
* ಖಿನ್ನತೆ, ಬದುಕು ಬೇಡ ಎನ್ನುವ ಮಾತು
* ಬಟ್ಟೆಯಿಂದ ಮುಚ್ಚಿಹೋಗುವ ಜಾಗದಲ್ಲಿ ಬೇರೆ ಬೇರೆ ದಿನಗಳ ಬಾವು, ಕಲೆ

ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಹಿಂಸೆ ಎಂದು ತೀರ್ಮಾನಿಸಬಾರದು. ಆದರೆ ಕೇಳಬೇಕು ಎಂಬುದಕ್ಕೆ ಇವು ಸಾಕು.

ಇದು ಒಂದು ಸಮುದಾಯದ ಸಮಸ್ಯೆಯೂ ಅಲ್ಲ, ಒಂದು ದೇಶದ್ದೂ ಅಲ್ಲ. ಜಗತ್ತಿನಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬ ಮಹಿಳೆ ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಳೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 29.3 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಕರ್ನಾಟಕದಲ್ಲಿ ಇದು ಶೇ. 44.4. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಸಂಖ್ಯೆ ಶೇ. 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ಹೊಡೆಯುವವರು ದುಪ್ಪಟ್ಟಾದರೋ, ಅಥವಾ ಹೇಳುವವರು ಹೆಚ್ಚಾದರೋ, ಸಂಖ್ಯೆ ಒಂದರಿಂದಲೇ ಹೇಳಲಾಗದು. ಎರಡರಲ್ಲಿ ಯಾವುದಾದರೂ ನಾವು ತಲೆ ತಗ್ಗಿಸಬೇಕಾದ ಮಾತೇ.

ಸರಿಯಾಗಿ ಕೇಳಿದಾಗ ಮಾತ್ರ ಉತ್ತರ

ಈ ಸಂಖ್ಯೆಗಳು ಎಲ್ಲಿಂದ ಬಂದವು? ಮಹಿಳೆಯರು ಹೇಳಿದ್ದರಿಂದ. ಅವರು ಹೇಳುವಂತಾಗಿದ್ದು, ಹೇಗೆ ಕೇಳಬೇಕು ಎಂಬುದನ್ನು ಸಂಶೋಧಕರು ಮಹಿಳೆಯರಿಂದಲೇ ಕಲಿತದ್ದರಿಂದ.

"ನಿಮ್ಮ ಮೇಲೆ ಹಿಂಸೆ ನಡೆದಿದೆಯೇ?" ಎಂದು ಕೇಳಿದರೆ ಹೆಚ್ಚಿನವರು "ಇಲ್ಲ" ಎನ್ನುತ್ತಾರೆ. ಏಕೆಂದರೆ ಒಂದು ಏಟು ಹಿಂಸೆ ಎಂದು ಅವರೇ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಆದ್ದರಿಂದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದೊಂದನ್ನೇ ಬಿಡಿಸಿ ಕೇಳುತ್ತಾರೆ: ಕೆನ್ನೆಗೆ ಹೊಡೆದಿದ್ದಾರೆಯೇ, ತಳ್ಳಿದ್ದಾರೆಯೇ, ಕೈ ತಿರುಚಿದ್ದಾರೆಯೇ, ಒದ್ದಿದ್ದಾರೆಯೇ, ಕತ್ತು ಹಿಸುಕಿದ್ದಾರೆಯೇ. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಈ ಪ್ರಶ್ನೆಗಳಿಗೆ ಆರಿಸುತ್ತಾರೆ. ಏಕಾಂತ ಸಿಗದಿದ್ದರೆ ಆ ಭಾಗವನ್ನು ಕೇಳುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 10 ದೇಶಗಳಲ್ಲಿ 24,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿತು. ಆ ಮೊದಲೇ, 2001ರಲ್ಲಿ, ಇಂಥ ಸಂಶೋಧನೆಗೆ ನೀತಿ ಸೂಚನೆಗಳನ್ನು ಹೊರಡಿಸಿತ್ತು. ಅದರ ಮೊದಲ ಸೂತ್ರ: ಮಹಿಳೆಯ ಸುರಕ್ಷೆ ಎಲ್ಲಕ್ಕಿಂತ ಮೇಲು, ಮಾಹಿತಿ ಆಮೇಲೆ. ಮನೆಯವರಿಗೆ ಅಧ್ಯಯನದ ಹೆಸರು 'ಹಿಂಸೆ' ಎಂದು ಹೇಳಬಾರದು, 'ಮಹಿಳೆಯರ ಆರೋಗ್ಯ' ಎಂದು ಹೇಳಬೇಕು. ಮಾತಿನ ನಡುವೆ ಯಾರಾದರೂ ಒಳಗೆ ಬಂದರೆ ಕೇಳುವವಳು ತಕ್ಷಣ ಬೇರೆ ಪ್ರಶ್ನೆಪಟ್ಟಿ ತೆಗೆದು, ಅಡುಗೆ, ಮಕ್ಕಳ ಆರೋಗ್ಯ ಎಂದು ಮಾತು ಬದಲಿಸಬೇಕು. ಕೇಳಿದ ಮೇಲೆ ಕೈಬಿಡಬಾರದು, ನೆರವು ಸಿಗುವ ಜಾಗ ಹೇಳಬೇಕು. ಆ ಅಧ್ಯಯನದಲ್ಲಿ ಅನೇಕ ಮಹಿಳೆಯರು ತಮ್ಮ ಕಥೆಯನ್ನು ಮೊದಲ ಬಾರಿಗೆ ಹೇಳಿದ್ದು ಆ ಪ್ರಶ್ನೆ ಕೇಳಿದವಳಿಗೇ.

ನಮ್ಮ ಬೆಂಗಳೂರಿನಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. 'ದಿಲ್ ಮಿಲ್' ಎಂಬ ಹೆಸರಿನಲ್ಲಿ ಅಲ್ಲಿನ ಬಡ ಬಡಾವಣೆಗಳ ಗರ್ಭಿಣಿ ಸೊಸೆಯಂದಿರನ್ನೂ ಅವರ ಅತ್ತೆಯಂದಿರನ್ನೂ ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಅದರ ಪ್ರಾಯೋಗಿಕ ಹಂತದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅತ್ತೆಯನ್ನು ಹೊರಗಿಟ್ಟು ಸೊಸೆಗೆ ಮಾತ್ರ ಬುದ್ಧಿ ಹೇಳಿದರೆ ಮನೆ ಬದಲಾಗುವುದಿಲ್ಲ, ಅತ್ತೆಯೂ ಒಂದು ಕಾಲಕ್ಕೆ ಏಟು ತಿಂದ ಸೊಸೆಯೇ ಆಗಿರಬಹುದು. ನಮ್ಮ ಮನೆಗಳನ್ನು ಬಲ್ಲವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ.

ರೋಗಿಯು ಸಂಶೋಧನೆಯ 'ವಸ್ತು' ಅಲ್ಲ, ಪಾಲುದಾರ ಎಂಬ ವಿಚಾರ ಈಗ ಜಗತ್ತಿನೆಲ್ಲೆಡೆ ಬಲವಾಗುತ್ತಿದೆ. ಬ್ರಿಟನ್‌ನಲ್ಲಿ 1996ರಲ್ಲೇ ಆರೋಗ್ಯ ಸಂಶೋಧನೆಯಲ್ಲಿ ಸಾಮಾನ್ಯ ಜನರನ್ನು ಸೇರಿಸಿಕೊಳ್ಳಲು 'ಇನ್‌ವಾಲ್ವ್' ಎಂಬ ವ್ಯವಸ್ಥೆ ಶುರುವಾಯಿತು. ಯಾವ ಪ್ರಶ್ನೆ ಮುಖ್ಯ, ಅದನ್ನು ಹೇಗೆ ಕೇಳಬೇಕು, ಉತ್ತರವನ್ನು ಏನು ಮಾಡಬೇಕು ಎಂಬುದರಲ್ಲಿ ಕಷ್ಟ ಉಂಡವರಿಗೆ ಮಾತಿರಬೇಕು ಎಂಬುದು ಇದರ ತಿರುಳು.

ನನ್ನ ಪುಟ್ಟ ದವಾಖಾನೆಯಲ್ಲೂ ಇದು ನಿಜವಾಯಿತು. ಆ ಘಟನೆಯ ನಂತರ ನಾನು ಮಹಿಳಾ ರೋಗಿಗಳಿಗೆಂದು ಒಂದು ಪ್ರಶ್ನೆಪಟ್ಟಿ ಬರೆದೆ. ಮೊದಲ ಪ್ರಶ್ನೆ 'ಮನೆಯಲ್ಲಿ ಕಿರುಕುಳ ಇದೆಯೇ?' ಎಂದಿತ್ತು. ಕೆಲವು ತಿಂಗಳ ಮೇಲೆ ಬಂದ ಅದೇ ತರುಣಿಗೆ ತೋರಿಸಿದೆ. ಓದಿ ನಕ್ಕಳು. "ಇದಕ್ಕೆ ಯಾರೂ ಹೌದು ಅನ್ನಲ್ಲ ಡಾಕ್ಟರ್ ಸಾಬ್. ಕಿರುಕುಳ ಅಂದ್ರೆ ಪೊಲೀಸ್ ಸ್ಟೇಷನ್ ಮಾತು. ಮನೇಲಿ ಯಾರಿಗಾದ್ರೂ ಹೆದರ್ತೀರಾ ಅಂತ ಕೇಳಿ" ಎಂದಳು. ಇನ್ನೊಂದು ಮಾತೂ ಹೇಳಿದಳು: "ಚೀಟಿ ಕೊಟ್ಟು ತುಂಬಿಸಬೇಡಿ. ಚೀಟಿ ಮನೆಗೆ ಹೋಗುತ್ತೆ." ನಾನು ಪಟ್ಟಿಯನ್ನು ಹರಿದು ಹಾಕಿದೆ. ಈಗ ನನ್ನ ಸಹಾಯಕಿ ಬಾಯಿಮಾತಿನಲ್ಲಿ ಆಕೆ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳುತ್ತಾಳೆ.

ನಿಮ್ಮನ್ನು ಸಂಶೋಧನೆಗೆ ಸೇರಲು ಕೇಳಿದರೆ

ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಯುನಾನಿ ಸಂಸ್ಥೆಗಳಲ್ಲೂ, ರೋಗಿಗಳನ್ನು ಅಧ್ಯಯನಕ್ಕೆ ಕೇಳುವುದುಂಟು. ಹೆದರಿ ಓಡಬೇಡಿ, ಕಣ್ಣು ಮುಚ್ಚಿ ಹೆಬ್ಬೆಟ್ಟೂ ಒತ್ತಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಸೂಚನೆಗಳ ಪ್ರಕಾರ ನಿಮ್ಮ ಹಕ್ಕುಗಳು ಇವು:

1. ಅಧ್ಯಯನ ಏನು, ಯಾಕೆ, ತೊಂದರೆ ಏನಾಗಬಹುದು ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಮಾಹಿತಿ ಪತ್ರದ ಪ್ರತಿ ಕೊಡಬೇಕು.
2. ಬೇಡ ಎನ್ನಬಹುದು. ಸೇರಿದ ಮೇಲೂ ಬಿಟ್ಟು ಬರಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ಕುಂದು ಬರಬಾರದು.
3. ನಿಮ್ಮ ಹೆಸರು, ವಿವರ ಗುಟ್ಟಾಗಿರಬೇಕು.
4. ಅಧ್ಯಯನದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೇಳಬಹುದು.
5. ಅಧ್ಯಯನಕ್ಕೆ ನೀತಿ ಸಮಿತಿಯ ಒಪ್ಪಿಗೆ ಇರಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೂ ಇರಬೇಕು.

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಹೆಂಡತಿಯ ಕಾಗದಕ್ಕೆ ಗಂಡ ಸಹಿ ಹಾಕುತ್ತಾನೆ, ಎಲ್ಲರೂ ಅದನ್ನು ಸಹಜ ಎಂದುಕೊಳ್ಳುತ್ತಾರೆ. ವಯಸ್ಕ ಮಹಿಳೆಯ ಒಪ್ಪಿಗೆಯನ್ನು ಆಕೆಯೇ ಕೊಡಬೇಕು. ಮನೆಯವರೊಡನೆ ಮಾತನಾಡಿ ತೀರ್ಮಾನಿಸಲಿ, ತಪ್ಪಿಲ್ಲ. ಆದರೆ ಹೌದು ಅಥವಾ ಬೇಡ ಎನ್ನುವುದು ಅವಳ ಬಾಯಿಂದ ಬರಬೇಕು. ನಿಕಾಹ್‌ಗೆ ಅವಳ ಒಪ್ಪಿಗೆ ಕೇಳುವ ನಾವು ಅವಳ ದೇಹದ ವಿಷಯದಲ್ಲಿ ಕೇಳುವುದನ್ನು ಮರೆಯಬಾರದು.

ಆಸ್ಪತ್ರೆ ಏನು ಮಾಡಬಲ್ಲದು? ಮುಂಬೈಯ ಪಾಠ

ಹಿಂದೆ ಆಸ್ಪತ್ರೆಗಳಲ್ಲಿ ಒಂದು ರೂಢಿ ಇತ್ತು, ಈಗಲೂ ಹಲವೆಡೆ ಇದೆ. ತಲೆ ಒಡೆದು ಬಂದವಳಿಗೆ ಹೊಲಿಗೆ ಹಾಕಿ, 'ಬಿದ್ದು ಗಾಯ' ಎಂದು ಬರೆದು ಕಳುಹಿಸುವುದು. ವಿಷ ಕುಡಿದು ಬಂದವಳ ಹೊಟ್ಟೆ ತೊಳೆದು, 'ಆಕಸ್ಮಿಕ' ಎಂದು ಬರೆಯುವುದು. ಗಾಯ ವಾಸಿಯಾಗುತ್ತದೆ, ಆಕೆ ಅದೇ ಮನೆಗೆ ಹೋಗುತ್ತಾಳೆ, ಮುಂದಿನ ಸಲ ಇನ್ನೂ ದೊಡ್ಡ ಗಾಯದೊಡನೆ ಬರುತ್ತಾಳೆ. ಕೆಲವರು ಬರುವುದೇ ಇಲ್ಲ.

2000ನೇ ಇಸವಿಯಲ್ಲಿ ಮುಂಬೈ ಮಹಾನಗರ ಪಾಲಿಕೆ ಮತ್ತು 'ಸೆಹತ್' ಎಂಬ ಸಂಶೋಧನಾ ಸಂಸ್ಥೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 'ದಿಲಾಸಾ' ಎಂಬ ಕೇಂದ್ರವನ್ನು ತೆರೆದವು. ಪೊಲೀಸ್ ಠಾಣೆಗೆ ಹೋಗಲು ಹೆದರುವ ಹೆಂಗಸೂ ಆಸ್ಪತ್ರೆಗೆ ಬರುತ್ತಾಳೆ, ಆದ್ದರಿಂದ ನೆರವು ಅಲ್ಲೇ ಇರಲಿ ಎಂಬುದು ಯೋಚನೆ. ನರ್ಸ್‌ಗಳಿಗೆ, ವೈದ್ಯರಿಗೆ ತರಬೇತಿ ಕೊಟ್ಟರು. ಅನುಮಾನ ಬಂದರೆ ಗಾಯದ ಕಾರಣವನ್ನು ಏಕಾಂತದಲ್ಲಿ ಕೇಳಿ, ಆಸ್ಪತ್ರೆಯೊಳಗೇ ಇರುವ ದಿಲಾಸಾ ಕೋಣೆಗೆ ಕಳುಹಿಸುತ್ತಾರೆ. ಅಲ್ಲಿ ಆಪ್ತಸಮಾಲೋಚಕಿ 'ಹೊಂದಿಕೊಂಡು ಹೋಗು' ಎಂದು ಬುದ್ಧಿ ಹೇಳುವುದಿಲ್ಲ. 'ಏಟಿಗೆ ನೀನು ಕಾರಣ ಅಲ್ಲ' ಎಂದು ಮೊದಲು ಹೇಳುತ್ತಾಳೆ. ಇಂದು ರಾತ್ರಿ ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ ಎಂದು ಕೇಳುತ್ತಾಳೆ. ಅಪಾಯವಿದ್ದರೆ ಒಂದೆರಡು ದಿನ ವಾರ್ಡಿನಲ್ಲೇ ಉಳಿಸಿಕೊಳ್ಳುವ ಏರ್ಪಾಡು ಮಾಡುತ್ತಾರೆ. ಈ ಮಾದರಿ ಮುಂದೆ ಮುಂಬೈಯ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ನೆರೆಯ ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ 'ಭೂಮಿಕಾ' ಹೆಸರಿನಲ್ಲಿ ಇಂಥ ಕೇಂದ್ರಗಳಿವೆ. 2015ರಿಂದ ಕೇಂದ್ರ ಸರಕಾರದ 'ಸಖಿ' ಒನ್ ಸ್ಟಾಪ್ ಸೆಂಟರ್‌ಗಳು ಜಿಲ್ಲೆಗಳಲ್ಲಿ ಶುರುವಾದವು. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ಕಾನೂನು ಸಲಹೆ, ಕೆಲವು ದಿನದ ಆಶ್ರಯ ಒಂದೇ ಸೂರಿನಡಿ ಸಿಗಬೇಕು ಎಂಬುದು ಅವುಗಳ ಉದ್ದೇಶ.

ವೈದ್ಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಡುವ ಪ್ರಥಮ ನೆರವು ಐದು ಹೆಜ್ಜೆಯದು: ಗಮನವಿಟ್ಟು ಕೇಳಿಸಿಕೊಳ್ಳುವುದು, ಏನು ಬೇಕಾಗಿದೆ ಎಂದು ವಿಚಾರಿಸುವುದು, ಆಕೆಯನ್ನು ನಂಬುವುದು, ಸುರಕ್ಷೆಯ ದಾರಿ ನೋಡುವುದು, ನೆರವಿಗೆ ಜೋಡಿಸುವುದು. ಇವುಗಳಲ್ಲಿ ಯಾವುದಕ್ಕೂ ಯಂತ್ರ ಬೇಡ, ಹಣ ಬೇಡ. ನೆರೆಮನೆಯವರೂ ಮಾಡಬಹುದು.

ಏಕಾಂತದ ವಿಷಯದಲ್ಲಿ ನಮ್ಮ ಓದುಗರಿಗೆ ಒಂದು ಸಂಕೋಚ ಬರಬಹುದು. ಪರಪುರುಷನಾದ ವೈದ್ಯನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಹೇಗೆ ಕೂರುವುದು? ಈ ಸಂಕೋಚ ಸರಿಯಾದದ್ದೇ. ಅದಕ್ಕೆ ದಾರಿ ಸುಲಭ. ಮಹಿಳಾ ಸಹಾಯಕಿ ಒಳಗಿರಲಿ, ಬಾಗಿಲು ಅರ್ಧ ತೆರೆದಿರಲಿ, ಮನೆಯವರು ಹೊರಗೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕೂರಲಿ. ಆದರೆ ಮಾತು ಅವರ ಕಿವಿಗೆ ಬೀಳಬಾರದು. ನನ್ನಲ್ಲಿ ಈಗ ಪ್ರತಿಯೊಬ್ಬ ಮಹಿಳಾ ರೋಗಿಗೂ ಮೊದಲ ಐದು ನಿಮಿಷ ಹೀಗೆಯೇ. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರ ಮನೆಯವರಿಗೂ ಅನುಮಾನವಿಲ್ಲ.

ಚೀಟಿಯಲ್ಲಿ ಬರೆಯಿಸಿ

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದು ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಇದರ ಮತ್ತು ಇದರ ನಿಯಮಗಳ ಪ್ರಕಾರ ಆಸ್ಪತ್ರೆಯ ಬಗ್ಗೆ ನೀವು ತಿಳಿದಿರಬೇಕಾದದ್ದು:

* ದೂರು ಕೊಟ್ಟಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.
* ಘಟನಾ ವರದಿ ಆಗಿರದಿದ್ದರೆ ಆಸ್ಪತ್ರೆಯೇ ಅದನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು.
* ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿಯನ್ನು ಮಹಿಳೆಗೆ ಉಚಿತವಾಗಿ ಕೊಡಬೇಕು.

ಹೀಗಾಗಿ, ಏಟು ಬಿದ್ದರೆ ವೈದ್ಯರಿಗೆ ನಿಜ ಹೇಳಿ. ಯಾರು ಹೊಡೆದರು, ಯಾವುದರಿಂದ, ಯಾವಾಗ, ಎಲ್ಲೆಲ್ಲಿ ನೋವಿದೆ ಎಂದು ಬರೆಯಿಸಿ. ಇಂದು ಕೋರ್ಟಿಗೆ ಹೋಗುವ ಮನಸ್ಸಿಲ್ಲದಿರಬಹುದು. ಎರಡು ವರ್ಷದ ಮೇಲೆ ಬೇಕಾದಾಗ ಇಂದಿನ ಕಲೆ ಮಾಸಿರುತ್ತದೆ, ಚೀಟಿ ಮಾತ್ರ ಉಳಿದಿರುತ್ತದೆ. ಚೀಟಿಯನ್ನು ಮನೆಯಲ್ಲಿಡುವುದು ಅಪಾಯವಾದರೆ ತವರಿನಲ್ಲಿ ಅಥವಾ ನಂಬಿಕೆಯ ಗೆಳತಿಯ ಬಳಿ ಇಡಿ.

ಈ ಕಾಯ್ದೆಯಡಿ ಹೊಡೆತ ಮಾತ್ರ ಹಿಂಸೆಯಲ್ಲ. ಹೀನಾಯ ಬೈಗುಳ, ಲೈಂಗಿಕ ಬಲಾತ್ಕಾರ, ಖರ್ಚಿಗೆ ಕೊಡದಿರುವುದು, ಆಕೆಯ ಒಡವೆ ಕಿತ್ತುಕೊಳ್ಳುವುದು, ಮನೆಯಿಂದ ಹೊರಹಾಕುವುದು ಎಲ್ಲವೂ ಸೇರುತ್ತವೆ. ಹೊಡೆಯಬಾರದೆಂಬ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ಪಾಲನೆ ಇವನ್ನು ಮ್ಯಾಜಿಸ್ಟ್ರೇಟರಿಂದ ಪಡೆಯಬಹುದು. ಇದನ್ನು ಕೇಳಲು ತಲಾಕ್ ಆಗಬೇಕಿಲ್ಲ, ಖುಲಾ ಕೇಳಬೇಕಿಲ್ಲ. ಮನೆ ಉಳಿಯಲಿ, ಏಟು ನಿಲ್ಲಲಿ ಎನ್ನುವ ಮಹಿಳೆಗೂ ಈ ದಾರಿ ಇದೆ.

ಎಲ್ಲಿ ಹೋಗಬೇಕು?

ತುರ್ತು ಇದ್ದರೆ 112. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಇದು ಸಿಗುತ್ತದೆ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಅಂಗನವಾಡಿಗಳ ಮೇಲಿನ ಸಿಡಿಪಿಒ, ಸಂರಕ್ಷಣಾಧಿಕಾರಿಗಳಾಗಿ ಕೆಲಸ ಮಾಡುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ.

ಕೆಳಗಿನ ಲಕ್ಷಣಗಳಿದ್ದರೆ ಒಂದು ರಾತ್ರಿಯೂ ಕಾಯಬೇಡಿ:

* ಕತ್ತು ಹಿಸುಕಿದ್ದರೆ. ಹೊರಗೆ ಗುರುತಿಲ್ಲದಿದ್ದರೂ ಒಳಗೆ ಊತ ಬರಬಹುದು. ಸ್ವರ ಬದಲಾದರೆ, ನುಂಗಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.
* ಕೊಲ್ಲುತ್ತೇನೆ ಎಂದು ಬೆದರಿಸಿದ್ದರೆ, ಚಾಕು ಅಥವಾ ಸೀಮೆಎಣ್ಣೆ ಕೈಗೆತ್ತಿಕೊಂಡಿದ್ದರೆ
* ಗರ್ಭಿಣಿಯ ಹೊಟ್ಟೆಗೆ ಒದ್ದಿದ್ದರೆ
* ಹೊಡೆತ ವಾರದಿಂದ ವಾರಕ್ಕೆ ಹೆಚ್ಚಾಗುತ್ತಿದ್ದರೆ
* ಆಕೆಯೇ ಸಾಯುವ ಮಾತಾಡುತ್ತಿದ್ದರೆ

ದೀನ್ ಏನು ಹೇಳುತ್ತದೆ?

ನಾನು ಆಲಿಮ್ ಅಲ್ಲ, ವೈದ್ಯ. ಆದರೆ ದವಾಖಾನೆಯಲ್ಲಿ "ನಮ್ಮ ಧರ್ಮದಲ್ಲಿ ಅವಕಾಶ ಇದೆಯಲ್ಲ" ಎಂದು ಹೊಡೆದವರು ಹೇಳುವುದನ್ನು ಕೇಳಿದ್ದೇನೆ. ಸೂರಾ ಅನ್ನಿಸಾದ ಆ ಆಯತ್‌ನ ಅರ್ಥವನ್ನು ಉಲಮಾಗಳಿಂದ ಕೇಳಿ ತಿಳಿಯಿರಿ. ಗಾಯ ಮಾಡುವುದಕ್ಕೆ, ಮುಖಕ್ಕೆ ಹೊಡೆಯುವುದಕ್ಕೆ ಅವರು ಯಾರೂ ಅನುಮತಿ ಕೊಟ್ಟಿಲ್ಲ. ನಮಗೆ ಮಾದರಿಯಾದ ಪ್ರವಾದಿ(ಸ)ರು ಯಾವ ಹೆಂಗಸಿನ ಮೇಲೂ, ಸೇವಕರ ಮೇಲೂ ಎಂದೂ ಕೈ ಎತ್ತಲಿಲ್ಲ ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಇನ್ನೊಂದು ಘಟನೆ ಅಬೂದಾವೂದ್‌ನಲ್ಲಿದೆ. ಹಬೀಬಾ ಬಿಂತ್ ಸಹ್ಲ್(ರ) ಅವರಿಗೆ ಪತಿ ಸಾಬಿತ್ ಬಿನ್ ಕೈಸ್(ರ) ಹೊಡೆದು ಗಾಯ ಮಾಡಿದ್ದರು. ಆಕೆ ಬೆಳಗಿನ ಹೊತ್ತಿನಲ್ಲೇ ಪ್ರವಾದಿ(ಸ)ರ ಬಳಿಗೆ ಬಂದರು. ಪ್ರವಾದಿ(ಸ)ರು ಅವರನ್ನು ಮನೆಗೆ ಹಿಂದಕ್ಕೆ ಕಳುಹಿಸಲಿಲ್ಲ, ಸಹಿಸಿಕೋ ಎನ್ನಲಿಲ್ಲ. ದೂರು ಕೇಳಿ, ಪತಿಯನ್ನು ಕರೆಸಿ, ಮೆಹರ್ ಮರಳಿಸಿ ಬೇರ್ಪಡಿಸುವ ತೀರ್ಮಾನ ಕೊಟ್ಟರು. ಗಂಡನ ಮೇಲೆ ದೂರು ಹೊತ್ತು ಬಂದ ಖೌಲಾ ಬಿಂತ್ ಸಅಲಬಾ(ರ) ಅವರ ಮಾತನ್ನು ಅಲ್ಲಾಹನೇ ಆಲಿಸಿದನೆಂದು ಸೂರಾ ಅಲ್ ಮುಜಾದಲಾ ಆರಂಭವಾಗುತ್ತದೆ. ಹೆಂಗಸಿನ ದೂರನ್ನು ಆಲಿಸುವುದು ಪಾಶ್ಚಾತ್ಯರಿಂದ ಬಂದ ಹೊಸ ಪದ್ಧತಿ ಎನ್ನುವವರು ಇವನ್ನು ನೆನಪಿಟ್ಟುಕೊಳ್ಳಬೇಕು.

ಜಮಾಅತ್‌ಗೆ, ಕುಟುಂಬಕ್ಕೆ ನನ್ನ ವಿನಂತಿ

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇ. 14 ಮಾತ್ರ. ಕೇಳಿದವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ತವರಿಗೆ. ಹಾಗಾದರೆ ಮೊದಲ ಆಸ್ಪತ್ರೆ ತವರುಮನೆಯೇ. ಮಗಳು ಬಂದು ಬಾಗಿಲಲ್ಲಿ ನಿಂತಾಗ "ನಾಲ್ಕು ಜನ ಏನಂತಾರೆ" ಎಂದು ಕೇಳಬೇಡಿ. ಊಟ ಹಾಕಿ, ಮಲಗಲು ಬಿಡಿ, ಆಮೇಲೆ ಕೇಳಿ.

ಮೊಹಲ್ಲಾದ ಹಿರಿಯರು ಪಂಚಾಯಿತಿ ಕೂರಿಸುವಾಗ ಗಂಡನ ಎದುರೇ "ಹೇಳಮ್ಮಾ, ಏನಾಯ್ತು?" ಎಂದರೆ ಆಕೆ ಹೇಳಲಾರಳು. ಹೇಳಿದರೆ ಆ ರಾತ್ರಿ ಅದಕ್ಕೂ ಏಟು ಬೀಳುತ್ತದೆ. ಕುರ್‌ಆನ್ ತೋರಿಸಿದ ರಾಜಿಯ ದಾರಿಯಲ್ಲಿ ಆಕೆಯ ಕಡೆಯಿಂದಲೂ ಒಬ್ಬ ಮಧ್ಯಸ್ಥ ಇರಬೇಕು. ಮೊದಲು ಆಕೆಯನ್ನು ಇಬ್ಬರು ಹಿರಿಯ ಮಹಿಳೆಯರು ಬೇರೆಯಾಗಿ ಮಾತನಾಡಿಸಲಿ. ಜೀವಭಯ ಇರುವಲ್ಲಿ ರಾಜಿ ಮಾಡಲು ಕೂರಲೇಬೇಡಿ. ಏಟು ನಿಂತ ಮೇಲೆ ಮಾತು. ಮಸೀದಿಯ ಸೂಚನಾ ಫಲಕದಲ್ಲಿ, ಮಹಿಳೆಯರ ವುಝೂ ಸ್ಥಳದಲ್ಲಿ ಮೇಲಿನ ನಂಬರುಗಳನ್ನು ಬರೆದು ಅಂಟಿಸಿ. ವರ್ಷಕ್ಕೊಂದು ಜುಮಾ ಖುತ್ಬಾ ಈ ವಿಷಯಕ್ಕೆ ಇರಲಿ. ನಿಮ್ಮ ಜಮಾಅತ್ ಆರೋಗ್ಯ ಶಿಬಿರ ಮಾಡುವಾಗ ಬಿಪಿ, ಶುಗರ್ ಜೊತೆಗೆ ಮಹಿಳೆಯರಿಗೆ ಏಕಾಂತದಲ್ಲಿ ಮಾತನಾಡಲು ಒಂದು ಪರದೆಯ ಜಾಗ ಇಡಿ. ಅಲ್ಲಿ ಏನು ಕೇಳಬೇಕು ಎಂಬುದನ್ನು ಮೊಹಲ್ಲಾದ ಹೆಂಗಸರನ್ನೇ ಕೇಳಿ ತೀರ್ಮಾನಿಸಿ.

ಹೊಡೆಯುವ ಸಹೋದರರಿಗೂ ಒಂದು ಮಾತು. ಸಿಟ್ಟು ಹಿಡಿತಕ್ಕೆ ಸಿಗುವುದಿಲ್ಲ ಎಂದು ನನ್ನ ಬಳಿ ಬಂದವರಿದ್ದಾರೆ. ಆದರೆ ಅದೇ ಸಿಟ್ಟು ಮಾಲೀಕನ ಎದುರು, ಪೊಲೀಸರ ಎದುರು ಹಿಡಿತದಲ್ಲಿರುತ್ತದೆ. ಹಾಗಾದರೆ ಅದು ಕಾಯಿಲೆಯಲ್ಲ, ಆಯ್ಕೆ. ಕುಡಿತವೋ ಬೇರೆ ಚಟವೋ ಇದ್ದರೆ ಚಿಕಿತ್ಸೆ ಇದೆ, ಬನ್ನಿ. ಚಿಕಿತ್ಸೆ ಮುಗಿಯುವವರೆಗೆ ಕೈ ಎತ್ತುವ ರಿಯಾಯಿತಿ ಮಾತ್ರ ಇಲ್ಲ.

ಆ ತರುಣಿ ಈಗ ಹೇಗಿದ್ದಾಳೆ ಎಂದು ನೀವು ಕೇಳಬಹುದು. ಮೂರು ತಿಂಗಳು ತವರಿನಲ್ಲಿದ್ದಳು. ಸಂರಕ್ಷಣಾಧಿಕಾರಿಯ ಮೂಲಕ ಆದೇಶ ಪಡೆದು ಗಂಡನ ಮನೆಗೇ ಮರಳಿದಳು, ಅಣ್ಣ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಾನೆ. ಎಲ್ಲವೂ ಸರಿಹೋಯಿತು ಎಂದು ನಾನು ಹೇಳಲಾರೆ. ಹೋದ ತಿಂಗಳು ಮಗುವಿನ ಚುಚ್ಚುಮದ್ದಿನ ಬಗ್ಗೆ ಕೇಳಲು ಬಂದಿದ್ದಳು. ಖಮೀರಾ ಬೇಕಾ ಎಂದೆ. "ಬೇಡ, ಈಗ ನಿದ್ದೆ ಬರುತ್ತೆ" ಎಂದಳು.

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮಗಳಿಗೋ ಸೊಸೆಗೋ ತಂಗಿಗೋ ಒಬ್ಬಳೇ ಇರುವಾಗ ಆ ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ಯಾರಿಗಾದರೂ ಹೆದರುತ್ತೀಯಾ? ಉತ್ತರ ಬರಲು ಹೊತ್ತು ಹಿಡಿದರೂ ಪಕ್ಕದಲ್ಲೇ ಕುಳಿತಿರಿ. ಅಲ್ಲಾಹನು ನಮ್ಮ ಮನೆಗಳಲ್ಲಿ ಪ್ರೀತಿಯನ್ನೂ ಕರುಣೆಯನ್ನೂ ನೆಲೆಗೊಳಿಸಲಿ. ಆಮೀನ್.